ಹವ್ಯಾಸಿ ಡ್ರೋನ್‌ಗೆ ತೆರೆದ ಆಕಾಶ

ಭಾರತದಲ್ಲಿ ಹಾರಾಟದ ಕಾನೂನು ಡ್ರೋನ್‌ಗಿಂತ ಬಹಳ ಹಳೆಯದು. 1934ರ ವಿಮಾನ ಕಾಯ್ದೆ ‘ವಿಮಾನ’ ಎಂಬ ಪದದ ವ್ಯಾಖ್ಯೆಯೊಳಗೆ ಬಲೂನು, ಗ್ಲೈಡರ್‌ಗಳ ಜೊತೆ ಗಾಳಿಪಟವನ್ನೂ ಸೇರಿಸಿತ್ತು. ಡ್ರೋನ್ ಬಂದಾಗ ಮಾತ್ರ ಅದಕ್ಕೆಂದೇ ನಿಯಮಗಳಿರಲಿಲ್ಲ. ನಿಯಮ ರೂಪುಗೊಳ್ಳುವವರೆಗೆ ಖಾಸಗಿಯವರು ಡ್ರೋನ್ ಹಾರಿಸಬಾರದೆಂದು 2014ರ ಅಕ್ಟೋಬರ್‌ನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಪ್ರಕಟಣೆ ಹೊರಡಿಸಿತು. ಸುರಕ್ಷತೆಯ ಆತಂಕ ನಿಜವೇ. ಆದರೂ ಹವ್ಯಾಸಿಗಳು ನಾಲ್ಕು ವರ್ಷ ಕಾಯಬೇಕಾಗಿ ಬಂದದ್ದು ನ್ಯಾಯವಲ್ಲ.

2018ರ ಡಿಸೆಂಬರ್ 1ರಂದು ಮೊದಲ ನಿಯಮಗಳು ಜಾರಿಗೆ ಬಂದವು. ಅನುಮತಿ ಸಿಗದಿದ್ದರೆ ಡ್ರೋನ್ ನೆಲ ಬಿಟ್ಟು ಏಳದಂತೆ ತಂತ್ರಾಂಶವೇ ತಡೆಯಬೇಕೆಂಬುದು ಅವುಗಳ ತಿರುಳು.

ನಿಜವಾದ ಸಡಿಲಿಕೆ ಬಂದದ್ದು 2021ರ ಆಗಸ್ಟ್ 25ರ ಡ್ರೋನ್ ನಿಯಮಗಳಿಂದ. 25 ಅರ್ಜಿ ನಮೂನೆಗಳು ಐದಕ್ಕಿಳಿದವು. ವಿಮಾನ ನಿಲ್ದಾಣದ ಸುತ್ತ 45 ಕಿ.ಮೀ. ಇದ್ದ ಹಳದಿ ವಲಯ 12 ಕಿ.ಮೀ.ಗೆ ಕುಗ್ಗಿತು. ಸೆಪ್ಟೆಂಬರ್‌ನಲ್ಲಿ ದೇಶದ ನಕ್ಷೆಯೇ ಮೂರು ಬಣ್ಣಗಳಲ್ಲಿ ಪ್ರಕಟವಾಯಿತು: ಹಸಿರಿನಲ್ಲಿ 400 ಅಡಿಯವರೆಗೆ ಮುಕ್ತ ಹಾರಾಟ, ಹಳದಿಯಲ್ಲಿ ವಾಯು ಸಂಚಾರ ನಿಯಂತ್ರಕರ ಅನುಮತಿ, ಕೆಂಪಿನಲ್ಲಿ ಕೇಂದ್ರ ಸರ್ಕಾರದ ಒಪ್ಪಿಗೆ. ನಿಲ್ದಾಣದಿಂದ 8ರಿಂದ 12 ಕಿ.ಮೀ. ನಡುವೆ ಹಸಿರಿನ ಮಿತಿ 200 ಅಡಿ ಮಾತ್ರ. ದೇವನಹಳ್ಳಿ, ಯಲಹಂಕ, ಜಕ್ಕೂರು, ಎಚ್‌ಎಎಲ್ ಎಂದು ಹಲವು ವಿಮಾನ ನೆಲೆಗಳಿರುವ ಬೆಂಗಳೂರಿನಲ್ಲಂತೂ ನಕ್ಷೆ ನೋಡದೆ ಡ್ರೋನ್ ಎತ್ತುವಂತಿಲ್ಲ.

250 ಗ್ರಾಂವರೆಗಿನ ನ್ಯಾನೊ ಡ್ರೋನ್‌ಗೂ, ವಾಣಿಜ್ಯ ಉದ್ದೇಶವಿಲ್ಲದೆ ಹಾರಿಸುವ 2 ಕೆ.ಜಿ.ವರೆಗಿನ ಮೈಕ್ರೊ ಡ್ರೋನ್‌ಗೂ ಪೈಲಟ್ ಪರವಾನಗಿಯಿಂದ ವಿನಾಯಿತಿ ದೊರೆಯಿತು. 2022ರ ಫೆಬ್ರವರಿಯಲ್ಲಿ ಪರವಾನಗಿಯೇ ರದ್ದಾಗಿ, ದೊಡ್ಡ ಡ್ರೋನ್ ಹಾರಿಸುವವರಿಗೆ ತರಬೇತಿ ಸಂಸ್ಥೆಯ ಪ್ರಮಾಣಪತ್ರ ಸಾಕೆಂದಾಯಿತು. ಅದೇ ತಿಂಗಳು ವಿದೇಶಿ ಡ್ರೋನ್‌ಗಳ ಆಮದಿಗೆ ನಿಷೇಧವೂ ಬಂತು.