ಕೇದಾರ ಘಾಟಿನ ಪಕ್ಕದ ವಿಜಯನಗರ

ಕಾಶಿಗೆ ಬಂದು ನೆಲೆಸಿದ ಹೊಸದರಲ್ಲಿ ನಾನೊಂದು ತಪ್ಪು ಮಾಡಿದೆ. ಊರಿಂದ ಬಂದಿದ್ದ ಅಪ್ಪನನ್ನು ಕೇದಾರ ಘಾಟಿಗೆ ಕರೆದುಕೊಂಡು ಹೋಗಿ, ಕೆಂಪು-ಬಿಳಿ ಪಟ್ಟೆಯ ಕೇದಾರೇಶ್ವರ ಗುಡಿ ತೋರಿಸಿದೆ. ಪಕ್ಕದ ವಿಜಯನಗರಂ ಘಾಟ್ ಬಂದಾಗ "ಇದು ನಮ್ಮ ಹಂಪಿಯವರು ಕಟ್ಟಿಸಿದ್ದು" ಎಂದುಬಿಟ್ಟೆ. ಅಪ್ಪ ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಂಡರು.

ಆಮೇಲೆ ಗೊತ್ತಾಯಿತು ನೋಡಿ, ಹಂಪಿಯ ವೈಭವ 1565ಕ್ಕೇ ಮುಗಿದಿತ್ತು. ಈ ಘಾಟ್ ಆಂಧ್ರದ ವಿಜಯನಗರಂ ಸಂಸ್ಥಾನದ್ದು. 1936ರಲ್ಲಿ ಇಂಗ್ಲೆಂಡಿಗೆ ಹೋದ ನಮ್ಮ ಕ್ರಿಕೆಟ್ ತಂಡದ ನಾಯಕ ವಿಜ್ಜಿ ಇದೇ ಮನೆತನದವರು. ನಮ್ಮವರದ್ದು ನೋಡಬೇಕೆಂದರೆ ಹರಿಶ್ಚಂದ್ರ ಘಾಟ್ ದಾಟಿ ದಕ್ಷಿಣಕ್ಕೆ ನಡೆಯಬೇಕು. ಮೈಸೂರು ಸಂಸ್ಥಾನ ಕಟ್ಟಿಸಿದ ಘಾಟ್ ಅಲ್ಲಿದೆ. 1973ರಲ್ಲಿ ರಾಜ್ಯ ಕರ್ನಾಟಕವಾಯಿತು, ಮೈಸೂರು ಘಾಟ್ ಕೂಡ ಕರ್ನಾಟಕ ಘಾಟ್ ಆಯಿತು.

ಕಟ್ಟಿಸಿದವರ ಕಾಲ ಮುಗಿದ ಮೇಲೆ ಕಟ್ಟಡ ಯಾರದ್ದು? ರೋಮ್ ನಗರದಲ್ಲಿ ಮುಸೊಲಿನಿ 1942ರ ಜಾಗತಿಕ ಪ್ರದರ್ಶನಕ್ಕೆಂದು ಒಂದು ಬಡಾವಣೆಯನ್ನೇ ಕಟ್ಟಿಸಹೊರಟ. ಯುದ್ಧ ಬಂತು, ಪ್ರದರ್ಶನ ನಡೆಯಲೇ ಇಲ್ಲ. ಅವನ ಹೊಗಳಿಕೆಗೆ ಎದ್ದ ಕಮಾನುಗಳ ಕಟ್ಟಡದಲ್ಲಿ 2015ರಿಂದ ಫೆಂಡಿ ಎಂಬ ಫ್ಯಾಷನ್ ಕಂಪನಿಯ ಕಚೇರಿ ಇದೆ. ನಮ್ಮ ರಾಜರನ್ನು ಅವನಿಗೆ ಹೋಲಿಸುತ್ತಿಲ್ಲ. ಆದರೆ ಪುಣ್ಯದ ಜೊತೆ ಹೆಸರೂ ಇರಲಿ ಅಂತಲೇ ಇವರೂ ಗಂಗೆಯ ದಡದಲ್ಲಿ ಕಲ್ಲು ಹಾಸಿದರು. ಇವತ್ತು ಅದೇ ಮೆಟ್ಟಿಲ ಮೇಲೆ ಹುಡುಗರು ಕ್ರಿಕೆಟ್ ಆಡುತ್ತಾರೆ, ಬಟ್ಟೆ ಒಣಗುತ್ತದೆ.

ಹೆಸರು ಹೇಗೂ ಬದಲಾಗುತ್ತದೆ. ಅದಕ್ಕೇ ಹೇಳುವವರು ಸರಿಯಾಗಿ ಹೇಳಬೇಕು. ಅಪ್ಪನಿಗೆ ನಿಜ ಹೇಳುವ ಮೊದಲೇ ಅವರು ಹೋಗಿಬಿಟ್ಟರು. ಈಗ ಊರಿಂದ ಯಾರೇ ಬಂದರೂ, ಮೊದಲು ಇದು ಯಾವ ವಿಜಯನಗರ ಅಂತ ಹೇಳಿಯೇ ಮುಂದಕ್ಕೆ ಕರೆದೊಯ್ಯುತ್ತೇನೆ.