ಸಿಬ್ಬಲು – ಸಿಪ್ಪಲ್

ಅನ್ನ ಬಸಿಯುವಾಗ ಪಾತ್ರೆಯ ಬಾಯಿಗಿಟ್ಟು ಬಗ್ಗಿಸುವ ಮುಚ್ಚಳಕ್ಕೆ ನಮ್ಮಲ್ಲಿ ಸಿಬ್ಬಲು ಎಂಬ ಹೆಸರುಂಟು. ಮೊದಲು ಬಿದಿರಿನ ಹೆಣಿಗೆ, ಆಮೇಲೆ ತೂತಿನ ಹಿತ್ತಾಳೆ ತಟ್ಟೆ. ವೆಸ್ಟ್ ಮಾಂಬಲಂಗೆ ಬಂದು ನೆಲೆಸಿದ ನಮಗೆ ಈ ಒಂದು ಮಾತಾದರೂ ಹೊಸದಲ್ಲ. ತಮಿಳಿನಲ್ಲಿ ಅದು ಸಿಪ್ಪಲ್, ತೆಲುಗಿನಲ್ಲಿ ಸಿಬ್ಬಿ. ಎಲ್ಲಾ ಒಂದೇ ಬೇರಿನವು. ಮದರಾಸು, ಮೈಸೂರು ಎಂಬ ಗಡಿಗಳಿಗಿಂತ ಈ ನಂಟು ಹಳೆಯದೆನ್ನಲು ಶಾಸನ ಬೇಕೆ?

ಬಸಿದ ಗಂಜಿ ಉಪ್ಪು ಮಜ್ಜಿಗೆ ಬೆರೆತು ಮಕ್ಕಳಿಗೆ. ಉಳಿದದ್ದು ಸೀರೆ, ಪಂಚೆಗಳಿಗೆ. ಚೆಲ್ಲಿದರೆ ಮಾತ್ರ ನಷ್ಟ. ಬಿ-1 ಜೀವಸತ್ವ ನೀರಿನಲ್ಲಿ ಕರಗುವಂಥದು, ಗಂಜಿಯೊಡನೆಯೇ ಹೋಗುತ್ತದೆ. ಪಾಲಿಶ್ ಅಕ್ಕಿಯಲ್ಲಂತೂ ಅದು ಮೊದಲೇ ಕಡಿಮೆ.

1959ರ ಸುಮಾರಿಗೆ ಪ್ರೆಷರ್ ಕುಕ್ಕರ್ ನಮ್ಮ ದೇಶದಲ್ಲೇ ತಯಾರಾಗತೊಡಗಿತು. ಅಳತೆ ನೀರಿನ ಅನ್ನಕ್ಕೆ ಬಸಿಯುವ ಗೊಡವೆಯಿಲ್ಲ. ಸಿಬ್ಬಲು ಅಟ್ಟ ಸೇರಿತು, ಹಿಂದೆಯೇ ಮಾತೂ. ಈಗ ನಮ್ಮ ಮಕ್ಕಳು ನೂಡಲ್ಸ್ ಬಸಿಯುವ ಪಾತ್ರೆಗೂ ಫಿಲ್ಟರ್ ಎನ್ನುತ್ತಾರೆ. ಫಿಲ್ಟರ್ ಎಂದರೆ ನಮಗೆ ಕಾಫಿಯದೊಂದೇ!