ಸಂತ ಲಾರೆನ್ಸರ ಕಥೆಯಲ್ಲಿ ಚರಿತ್ರೆಯೆಷ್ಟು, ಐತಿಹ್ಯವೆಷ್ಟು?

ಪ್ರತಿ ವರ್ಷ ಆಗಸ್ಟ್ 10ರಂದು ಧರ್ಮಸಭೆಯು ರಕ್ತಸಾಕ್ಷಿ ಸಂತ ಲಾರೆನ್ಸರ ಹಬ್ಬವನ್ನು ಆಚರಿಸುತ್ತದೆ. ಕಾರ್ಕಳದ ಅತ್ತೂರಿನಲ್ಲಿ ಅವರ ಹೆಸರಿನ ಬಸಿಲಿಕಾಕ್ಕೆ ಜಾತಿಮತಗಳ ಭೇದವಿಲ್ಲದೆ ಜನ ಹರಕೆ ಹೊತ್ತು ಬರುತ್ತಾರೆ. ಸಂತರ ಪ್ರತಿಮೆಗಳಲ್ಲಿ ಕಬ್ಬಿಣದ ಜಾಲರಿಯನ್ನು ನಾವೆಲ್ಲ ಕಂಡಿದ್ದೇವೆ. ಕೆಂಡದ ಮೇಲಿನ ಆ ಜಾಲರಿಯಲ್ಲಿ ಮಲಗಿಸಿ ಸುಟ್ಟಾಗ, ಒಂದು ಮಗ್ಗುಲು ಬೆಂದಿದೆ, ತಿರುಗಿಸಿ ಹಾಕಿರೆಂದು ಅವರು ನಕ್ಕರೆಂಬುದು ಕಥೆ. ಇದು ನಿಜವಾಗಿ ನಡೆದದ್ದೇ ಎಂದು ಮಕ್ಕಳು ಕೇಳಿದರೆ ನಾವೇನು ಹೇಳೋಣ?

ಮೊದಲು ಚರಿತ್ರೆಯನ್ನು ನೋಡೋಣ. ಕ್ರಿ.ಶ. 258ರಲ್ಲಿ ರೋಮನ್ ಚಕ್ರವರ್ತಿ ವಲೇರಿಯನನು ಧರ್ಮಾಧ್ಯಕ್ಷರು, ಗುರುಗಳು ಹಾಗೂ ಧರ್ಮಸೇವಕರನ್ನು, ಅಂದರೆ ಡೀಕನರನ್ನು, ಕೂಡಲೇ ಕೊಲ್ಲಬೇಕೆಂದು ಆಜ್ಞೆ ಹೊರಡಿಸಿದನು. ಆಗಸ್ಟ್ 6ರಂದು ಜಗದ್ಗುರು ಎರಡನೆಯ ಸಿಕ್ಸ್ಟಸರನ್ನು ರೋಮಿನ ಸಮಾಧಿಸ್ಥಳದಲ್ಲೇ ಕೊಲ್ಲಲಾಯಿತು. ಇದನ್ನು ಕಾರ್ಥೇಜಿನ ಧರ್ಮಾಧ್ಯಕ್ಷ ಸಂತ ಸಿಪ್ರಿಯನರು ಅದೇ ದಿನಗಳಲ್ಲಿ ಪತ್ರದಲ್ಲಿ ಬರೆದರು. ಸೆಪ್ಟೆಂಬರ್ 14ರಂದು ಅವರೂ ರಕ್ತಸಾಕ್ಷಿಯಾದರು. ಆ ಪತ್ರದಲ್ಲಿ ಲಾರೆನ್ಸರ ಹೆಸರಿಲ್ಲ. ಆದರೆ 354ರ ರೋಮನ್ ಪಂಚಾಂಗದಲ್ಲಿ ಅವರ ಹೆಸರು, ಆಗಸ್ಟ್ 10ರ ದಿನ, ತಿಬುರ್ತಿನಾ ರಸ್ತೆಯ ಸಮಾಧಿ, ಈ ಮೂರೂ ದಾಖಲಾಗಿವೆ.

ಜಾಲರಿಯ ಕಥೆಯಾದರೋ, ಸುಮಾರು 130 ವರ್ಷಗಳ ನಂತರ ಮಿಲಾನಿನ ಸಂತ ಅಂಬ್ರೋಸರ ಬರಹದಲ್ಲಿ ಕಾಣುತ್ತದೆ. ಕೂಡಲೇ ಕೊಲ್ಲಬೇಕೆಂಬ ಆಜ್ಞೆಗೂ ನಿಧಾನವಾಗಿ ಸುಡುವುದಕ್ಕೂ ಹೊಂದಿಕೆಯಾಗುವುದಿಲ್ಲ. ಆದ್ದರಿಂದ ಸಿಕ್ಸ್ಟಸರಂತೆ ಲಾರೆನ್ಸರೂ ಕತ್ತಿಗೆ ತಲೆಕೊಟ್ಟಿರಬೇಕೆಂದು ಅನೇಕ ಚರಿತ್ರಕಾರರ ಅಭಿಪ್ರಾಯ.

ಧರ್ಮಸಭೆಯ ಸಂಪತ್ತನ್ನು ಒಪ್ಪಿಸೆಂದಾಗ ಲಾರೆನ್ಸರು ಬಡವರನ್ನು ಕರೆತಂದು ನಿಲ್ಲಿಸಿದ ಪ್ರಸಂಗವನ್ನು ಹೇಳುವವರೂ ಅಂಬ್ರೋಸರೇ. ಅದೂ ಬರೀ ಕಥೆಯೇ? ಇಲ್ಲಿ ನಾವು ಇನ್ನೊಂದು ಪತ್ರವನ್ನು ತೆರೆಯಬೇಕು. 251ರಲ್ಲಿ ಜಗದ್ಗುರು ಕೊರ್ನೇಲಿಯಸರು ಬರೆದ ಈ ಪತ್ರವನ್ನು ಚರಿತ್ರಕಾರ ಯುಸೇಬಿಯಸರು ಉಳಿಸಿಕೊಟ್ಟಿದ್ದಾರೆ. ರೋಮಿನ ಧರ್ಮಸಭೆಯಲ್ಲಿ 46 ಗುರುಗಳು, 7 ಧರ್ಮಸೇವಕರು, ಸಭೆಯು ಸಾಕುತ್ತಿದ್ದ ವಿಧವೆಯರು ಮತ್ತು ದೀನರು 1,500ಕ್ಕೂ ಹೆಚ್ಚು! ಲಾರೆನ್ಸರು ಆಡಿದರೆನ್ನುವ ಮಾತಿಗೆ ಸಾಕ್ಷಿ ಸಾಲದಿರಬಹುದು. ಆದರೆ ಅವರು ಸೇವೆ ಮಾಡಿದ ಸಭೆ ಆ ಬಡವರಿಗೆ ಅನ್ನವಿಕ್ಕುತ್ತಿತ್ತೆಂಬುದು ಚರಿತ್ರೆ.

ಆದುದರಿಂದ ಐತಿಹ್ಯವನ್ನು ಐತಿಹ್ಯವೆಂದೇ ಮಕ್ಕಳಿಗೆ ಹೇಳಲು ನಾವು ಅಂಜಬೇಕಿಲ್ಲ. ಎಲ್ಲವನ್ನೂ ನಡೆದದ್ದೆಂದು ಸಾಧಿಸಹೊರಟರೆ, ಜಾಲರಿಯನ್ನು ನಂಬದಾದ ದಿನ ಅವರು ಸಂತರನ್ನೇ ಕೈಬಿಟ್ಟಾರು. ಬಡವರ ಊಟದ ಲೆಕ್ಕವಿಟ್ಟ ಆ ಸಭೆಯನ್ನೂ, ಪ್ರಾಣಕೊಟ್ಟ ಆ ಸೇವಕನನ್ನೂ ಅವರಿಗೆ ತೋರಿಸೋಣ. ಈ ಹಬ್ಬದಂದು ನಮ್ಮ ಧರ್ಮಕೇಂದ್ರದ ಲೆಕ್ಕಪುಸ್ತಕದಲ್ಲಿ ಬಡವರ ಪಾಲೆಷ್ಟೆಂದು ನಾವೂ ನೋಡಿಕೊಳ್ಳೋಣ.